ಪಕ್ಕದಲ್ಲಿ ನಡೆಯುತ್ತಾ ಮಾತಾಡಿಸಿ

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಹುಡುಗ ಹುಡುಗಿಯರ ಜೊತೆ ಕೆಲಸ ಶುರು ಮಾಡಿದವರಿಗೆ ಒಂದು ಮಾತು. ನಾನೂ ಖಿನ್ನತೆಯಿಂದ ಎದ್ದು ಬಂದವಳೇ.

ಎದುರೆದುರು ಕುರ್ಚಿ ಹಾಕಿ "ಹೇಗಿದ್ದೀ?" ಅಂತ ಕೇಳಿದರೆ "ಪರವಾಗಿಲ್ಲ" ಅಂತಷ್ಟೇ ಉತ್ತರ ಬರುತ್ತದೆ. ಪಣಂಬೂರು ಬೀಚಿಗೋ ಮಲ್ಪೆ ಬೀಚಿಗೋ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಡೆಯಿರಿ. ಒಬ್ಬ ಹುಡುಗ ಮೂರು ವಾರ ಬಾಯಿ ಬಿಟ್ಟಿರಲಿಲ್ಲ. ಒಂದು ಸಂಜೆ ಚಪ್ಪಲಿ ಕೈಯಲ್ಲಿ ಹಿಡಿದು, ಕಡಲು ನೋಡುತ್ತಾ, "ಅಕ್ಕಾ, ಮಾತ್ರೆ ಬಿಟ್ಟು ಹತ್ತು ದಿನ ಆಯ್ತು" ಅಂದ. ಮಾತ್ರೆ ತಗೊಂಡರೆ ಬೆಳಿಗ್ಗೆ ಏಳಲಿಕ್ಕೇ ಆಗುವುದಿಲ್ಲವಂತೆ, ತೂಕವೂ ಜಾಸ್ತಿಯಾಗಿದೆಯಂತೆ. ನಾನು ಬೈಯಲಿಲ್ಲ. ಮಾತ್ರೆ ಬಗ್ಗೆ ಸಲಹೆಯನ್ನೂ ಕೊಡಲಿಲ್ಲ, ಅದು ಡಾಕ್ಟರ ಕೆಲಸ. ಅವನು ಹೇಳಿದ್ದನ್ನೇ ಅವನ ಮೊಬೈಲಿನಲ್ಲಿ ಬರೆಸಿದೆ. ಮರುದಿನ ಡಾಕ್ಟರಿಗೆ ಅದನ್ನೇ ತೋರಿಸಿದ. ಅವರು ಮಾತ್ರೆ ಬದಲಿಸಿಕೊಟ್ಟರು.

"ಯಾರಿಗೂ ಹೇಳುವುದಿಲ್ಲ" ಅಂತ ಸುಮ್ನೆ ಮಾತು ಕೊಡಬೇಡಿ. ಜೀವಕ್ಕೆ ಅಪಾಯ ಅನಿಸಿದರೆ ಮನೆಯವರಿಗೋ ಡಾಕ್ಟರಿಗೋ ತಿಳಿಸುತ್ತೇನೆ ಅಂತ ಮೊದಲ ದಿನವೇ ಹೇಳಿಬಿಡಿ. "ಸಾಯಬೇಕು ಅನಿಸ್ತದಾ?" ಅಂತ ನೇರವಾಗಿ ಕೇಳಲು ಹೆದರಬೇಡಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಕಾಯಿಲೆಯ ಕಥೆ ಹೇಳುವುದಿದ್ದರೆ ಎರಡು ಮಾತಲ್ಲಿ ಮುಗಿಸಿ, ಅವರು ಮಾತಾಡಲಿ.

ಮಳೆಗಾಲದಲ್ಲಿ ಕಡಲ ಬದಿ ಬೇಡ, ಅಲ್ವಾ? ಆಗ ನಾನು ಮಂಗಳೂರಿನಿಂದ ಉಡುಪಿಗೆ ಬಸ್ ಹತ್ತಿಸಿ, ಪಕ್ಕದಲ್ಲಿ ಕೂತುಕೊಳ್ಳುತ್ತೇನೆ. ಕಿಟಕಿ ಬದಿ ಸೀಟು ಅವರಿಗೆ.