ಉಂಡರೂ ಇಂಗದ ಹಸಿವು: ಹಾರ್ಮೋನ್ ಪ್ರತಿರೋಧವಿದ್ದಾಗ ತೂಕ ಇಳಿಸುವ ಬಗೆ

ಮಧ್ಯಾಹ್ನ ಕೊಡಗಿನ ಪಂದಿ ಕರಿಯೊಂದಿಗೆ (ಹಂದಿಮಾಂಸದ ಸಾರು) ಏಳೆಂಟು ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ, ಉಂಡವರಿಗೆ ನಾಲ್ಕು ಗಂಟೆಗೆ ಮತ್ತೆ ಹೊಟ್ಟೆ ಚುರುಗುಟ್ಟಿದರೆ, ಅದನ್ನು ಬಾಯಿಚಪಲವೆಂದು ತಳ್ಳಿಹಾಕುವಂತಿಲ್ಲ. 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನನ್ನು ಕೊಬ್ಬಿನ ಕೋಶಗಳೇ ರಕ್ತಕ್ಕೆ ಬಿಡುತ್ತವೆ. ದಾಸ್ತಾನು ಸಾಕಷ್ಟಿದೆ ಎಂದು ಮಿದುಳಿನ ಹೈಪೊಥಲಾಮಸ್‌ಗೆ ತಿಳಿಸುವುದು ಅದರ ಕೆಲಸ. ಬೊಜ್ಜು ಹೆಚ್ಚಿದವರಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ, ಆದರೆ ಮಿದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಇದೇ ಲೆಪ್ಟಿನ್ ಪ್ರತಿರೋಧ. ಕಣಜ ತುಂಬಿದ್ದರೂ ಯಜಮಾನ ಭತ್ತ ಮುಗಿಯಿತೆಂದು ಗಾಬರಿಪಡುವಂತೆ. ಇನ್ಸುಲಿನ್ ಪ್ರತಿರೋಧವೂ ಇಂಥದ್ದೇ. ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಹಾರ್ಮೋನು ಇನ್ಸುಲಿನ್, ಸ್ನಾಯು ಮತ್ತು ಯಕೃತ್ತು ಅದರ ಮಾತು ಕೇಳದಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ.

ಮೊದಲು ಅಳತೆ ಮಾಡಿಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟಾಗ ನೋಡಿದರೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಕತ್ತಿನ ಹಿಂಭಾಗದಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಚರ್ಮವಿದ್ದರೆ ಅದು ಇನ್ಸುಲಿನ್ ಪ್ರತಿರೋಧದ ಗುರುತಾಗಿರಬಹುದು. ರಕ್ತಪರೀಕ್ಷೆ ಮಾಡಿಸಿ, ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇಕಡಾ 5.7ರಿಂದ 6.4ರೊಳಗೆ ಬಂದರೆ ಅದು ಮಧುಮೇಹದ ಹೊಸ್ತಿಲು. ಈಗಾಗಲೇ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಏಕೆಂದರೆ ಸಕ್ಕರೆಯ ಮಟ್ಟ ಅಪಾಯಕಾರಿಯಾಗಿ ಕುಸಿಯಬಹುದು.

ಮದುವೆಗೆ ತಿಂಗಳಿರುವಾಗ ಅರೆಹೊಟ್ಟೆ ಇರುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಊಟ ಒಮ್ಮೆಲೇ ಕಡಿತವಾದಾಗ ಕೊಬ್ಬು ಕರಗುವುದಕ್ಕಿಂತ ಬೇಗ ಲೆಪ್ಟಿನ್ ಇಳಿಯುತ್ತದೆ, ತೂಕ ಇಳಿದಂತೆ ಜಠರದ ಗ್ರೆಲಿನ್ ಎಂಬ ಹಾರ್ಮೋನು ಏರಿ ಹಸಿವನ್ನು ಕೆರಳಿಸುತ್ತದೆ, ಮದುವೆಯೂಟ ಮುಗಿಯುವಷ್ಟರಲ್ಲಿ ಹೋದ ತೂಕ ಮರಳಿ ಬರತೊಡಗುತ್ತದೆ. 80 ಕಿಲೋ ಇರುವವರು ಮೊದಲು 4 ಕಿಲೋದ ಗುರಿಯಿಟ್ಟು, ಅದನ್ನು ಕೆಲವು ವಾರ ಉಳಿಸಿಕೊಂಡು ಮುಂದುವರಿಯುವುದು ಲೇಸು.

ತಟ್ಟೆಯಲ್ಲಿ ಬದಲಿಸಬೇಕಾದದ್ದು ಪದಾರ್ಥಕ್ಕಿಂತ ಕ್ರಮ ಮತ್ತು ಪ್ರಮಾಣ. ಮೊದಲು ತರಕಾರಿ, ಬೇಯಿಸಿದ ಕಾಳು ಮತ್ತು ಕೊಬ್ಬಿನ ತುಂಡು ಬದಿಗಿಟ್ಟ ಮಾಂಸವನ್ನು ತಿಂದು, ಕಡಂಬುಟ್ಟನ್ನು ಕೊನೆಗೆ ಮೂರಕ್ಕೆ ನಿಲ್ಲಿಸಿದರೆ, ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ, ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿರುತ್ತದೆ. ಅಕ್ಕಿಯನ್ನು ಬಿಡಿ ಎಂದು ಕೊಡಗಿನವರಿಗೆ ಹೇಳಿ ಪ್ರಯೋಜನವಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ಬೆಲ್ಲದ ಕಾಫಿಯ ವಿಷಯದಲ್ಲಿ ಮಾತ್ರ ರಿಯಾಯಿತಿ ಕೊಡಲಾರೆ, ಬೆಲ್ಲವೂ ಸಕ್ಕರೆಯೇ.

ಉಂಡ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ, ಏಕೆಂದರೆ ದುಡಿಯುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಏರು ಹತ್ತಿದರೆ ಸಾಕು. ಜುಲೈ-ಆಗಸ್ಟಿನ ಕಕ್ಕಡ ಮಾಸದ ಮಳೆಯಲ್ಲಿ ಹೊರಗೆ ಕಾಲಿಡಲಾಗದಿದ್ದರೆ ಜಗಲಿಯ ಉದ್ದಕ್ಕೂ ನಡೆದು, ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರಬೇಕು. ರಾತ್ರಿ ಕನಿಷ್ಠ ಏಳು ತಾಸು ನಿದ್ರಿಸಿ. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚುತ್ತದೆ.

ಕತ್ತಿನ ಕಪ್ಪನ್ನು ನಿಂಬೆಹೋಳಿನಿಂದ ತಿಕ್ಕಬೇಡಿ, ಅದು ಕೊಳೆಯಲ್ಲ. ತೂಕ ಇಳಿದು ಇನ್ಸುಲಿನ್ ಪ್ರತಿರೋಧ ತಗ್ಗಿದಂತೆ ಅದು ತಿಂಗಳುಗಳಲ್ಲಿ ತಾನಾಗಿ ತಿಳಿಯಾಗತೊಡಗುತ್ತದೆ.