ಎರಡೇ ಮಾತ್ರೆ ಬರೆಯುವ ಡಾಕ್ಟ್ರು

ಬೆಂಗಳೂರು ಬಿಟ್ಟು ಮೈಸೂರಿನ ಕುವೆಂಪುನಗರಕ್ಕೆ ಬಂದಾಗ ಹಾಲಿನವರು, ಪೇಪರಿನವರು, ಹೂವಿನವಳು ಎಲ್ಲರೂ ಒಂದೇ ವಾರದಲ್ಲಿ ಗೊತ್ತಾದರು. ಡಾಕ್ಟ್ರು ಸಿಗುವುದಕ್ಕೆ ಮಾತ್ರ ಎಂಟು ತಿಂಗಳು ಬೇಕಾಯಿತು. ಡಾಕ್ಟರಿಗೇನು ಇಲ್ಲಿ ಬರವಿಲ್ಲ, ರಸ್ತೆಗೆರಡು ಬೋರ್ಡಿವೆ. ಆದರೆ ನಮ್ಮಮ್ಮನನ್ನು ತಲೆಯಿಂದ ಕಾಲಿನವರೆಗೆ ಒಬ್ಬಳೇ ಮನುಷ್ಯಳು ಅಂತ ನೋಡುವವರು ಬೇಕಿತ್ತು.

ಅಮ್ಮನಿಗೆ ಎಪ್ಪತ್ನಾಲ್ಕು. ಬಿಪಿ ಇದೆ, ಶುಗರ್ ಇದೆ. ಮೊದಲು ಒಂದು ದೊಡ್ಡ ಆಸ್ಪತ್ರೆಗೆ ಹೋಗುತ್ತಿದ್ದೆವು. ಅಲ್ಲಿ ಬಿಪಿಗೊಬ್ಬರು, ಶುಗರಿಗೊಬ್ಬರು, ಮಂಡಿಗೊಬ್ಬರು. ಒಂದು ದಿನ ಅಮ್ಮನ ಪಾದ ಊದಿಕೊಂಡಿತು. ಸಂಜೆಯ ಹೊತ್ತಿಗೆ ಚಪ್ಪಲಿ ಹಿಡಿಸುತ್ತಿರಲಿಲ್ಲ. ಎಕೋ ಮಾಡಿಸಿದರು, ಹಾರ್ಟ್ ಸರಿಯಿದೆ. ರಕ್ತ, ಮೂತ್ರ ನೋಡಿದರು, ಕಿಡ್ನಿ ಸರಿಯಿದೆ. ಕೊನೆಗೆ ನೀರು ಇಳಿಯಲಿ ಅಂತ ಒಂದು ಮಾತ್ರೆ ಸೇರಿಸಿದರು. ಊತ ಅಷ್ಟೇನೂ ಇಳಿಯಲಿಲ್ಲ, ತಲೆಸುತ್ತು ಮಾತ್ರ ಶುರುವಾಯಿತು. ಅದಕ್ಕೆ ಇನ್ನೊಂದು ಮಾತ್ರೆ. ಒಟ್ಟು ಒಂಬತ್ತಾದವು. ಒಂದು ರಾತ್ರಿ ಬಚ್ಚಲಿಗೆ ಹೋಗಿ ಬರುವಾಗ ಅಮ್ಮ ಬಾಗಿಲಿಗೆ ಹಣೆ ಹೊಡೆದುಕೊಂಡು ಬಿದ್ದಳು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ, ಹತ್ತಿರದಲ್ಲೇ ಒಬ್ಬ ಹಳೇ ಕಾಲದ ಡಾಕ್ಟ್ರನ್ನು ಹುಡುಕಬೇಕು ಅಂತ.

ಮೊದಲು ಎಲ್ಲರ ಹಾಗೆ ಮೊಬೈಲಿನಲ್ಲಿ ಸ್ಟಾರ್ ನೋಡಿದೆ. ಸ್ಟಾರ್ ಜಾಸ್ತಿ ಇದ್ದ ಕಡೆ ಎಸಿ ಚೆನ್ನಾಗಿತ್ತು, ಅಷ್ಟೇ. ಆಮೇಲೆ ಮೆಡಿಕಲ್ ಸ್ಟೋರ್‌ನವರನ್ನು ಕೇಳಿದೆ. ಕೇಳಿದ್ದೇ ತಪ್ಪು ಪ್ರಶ್ನೆ. "ಒಳ್ಳೆ ಡಾಕ್ಟ್ರು ಯಾರಿದ್ದಾರೆ?" ಅಂದರೆ ಅವರು ಪಕ್ಕದ ಕ್ಲಿನಿಕ್ಕನ್ನೇ ತೋರಿಸಿದರು. ತೋರಿಸದೆ ಇರುತ್ತಾರೆಯೇ, ಆ ಚೀಟಿಗಳೆಲ್ಲ ಬರುವುದು ಅವರ ಅಂಗಡಿಗೇ ಅಲ್ವಾ?

ಒಂದು ತಿಂಗಳು ಬಿಟ್ಟು, ಅಂಗಡಿ ಖಾಲಿ ಇದ್ದಾಗ, ಬೇರೆ ಥರ ಕೇಳಿದೆ. "ನಿಮ್ಮ ತಾಯಿಗೆ ಹುಷಾರಿಲ್ಲದಿದ್ರೆ ನೀವು ಎಲ್ಲಿಗೆ ಕರ್ಕೊಂಡು ಹೋಗ್ತೀರಿ?"

ಅವರು ನಕ್ಕರು. ಆಚೆ ಈಚೆ ನೋಡಿ, ಎರಡು ರಸ್ತೆ ಆಚೆಗಿನ ಒಂದು ಕ್ಲಿನಿಕ್ಕಿನ ಹೆಸರು ಹೇಳಿದರು. "ಅವ್ರು ಬರೆಯೋದೇ ಎರಡು ಮಾತ್ರೆ ಮೇಡಂ. ನಮಗೆ ವ್ಯಾಪಾರ ಇಲ್ಲ. ಆದ್ರೆ ನಮ್ಮನೆಯೋರೆಲ್ಲ ಅಲ್ಲಿಗೇ ಹೋಗೋದು."

ಅದೇ ವಾರ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬ್ ಹುಡುಗನನ್ನೂ ಕೇಳಿದೆ. ಅವನೂ ಅದೇ ಹೆಸರು ಹೇಳಿದ. "ಅವ್ರ ಕಡೆಯಿಂದ ಟೆಸ್ಟೇ ಜಾಸ್ತಿ ಬರಲ್ಲ ಮೇಡಂ" ಅಂತ ಸೇರಿಸಿದ. ಒಬ್ಬ ಡಾಕ್ಟ್ರಿಂದ ಲಾಭ ಇಲ್ಲದ ಇಬ್ಬರು ಅವರನ್ನೇ ಹೊಗಳಿದರೆ ಇನ್ನೇನು ಬೇಕು?

ಆದರೂ ಸುಮ್ನೆ ನಂಬಲಿಲ್ಲ. ಡಾಕ್ಟರ ಚೀಟಿಯ ಮೇಲೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇರಬೇಕು. ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ಜಾಲತಾಣದಲ್ಲಿ ಆ ಸಂಖ್ಯೆ, ಹೆಸರು ಹಾಕಿದರೆ ಯಾವ ಡಿಗ್ರಿ, ಯಾವ ವರ್ಷ ನೋಂದಣಿ ಆಯಿತು ಅಂತ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ಬೇರೆಯಾಗಿ ನೋಂದಣಿ ಮಾಡಿಸಿರಬೇಕು, ಆ ಸಂಖ್ಯೆಯೂ ಬೋರ್ಡಿನಲ್ಲಿತ್ತು. ನಮ್ಮ ರಸ್ತೆಯಲ್ಲೇ ಒಂದು ಬೋರ್ಡಿನಲ್ಲಿ 'ಡಾ.' ಬಿಟ್ಟರೆ ಯಾವ ಡಿಗ್ರಿಯೂ ಇರಲಿಲ್ಲ. ಅಲ್ಲೂ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು!

ಅಮ್ಮನನ್ನು ಕರೆದುಕೊಂಡು ಹೋಗುವ ಮುಂಚೆ ನಾನೊಬ್ಬಳೇ ನೆಗಡಿ ನೆಪದಲ್ಲಿ ಹೋಗಿ ಬಂದೆ. ಅರ್ಧ ಗಂಟೆ ಕಾದದ್ದು ಒಳ್ಳೆಯದೇ ಆಯಿತು. ಮರದ ಬೆಂಚಿನ ಮೇಲೆ ಒಂದು ಕೂಸು, ಅದರ ಅಮ್ಮ, ಅಜ್ಜಿ ಮೂವರೂ ಕೂತಿದ್ದರು. ಟೋಕನ್ ಕೊಡುವಾಕೆ ಬಂದವರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದಳು. ಗೋಡೆಗೆ ಒಂದೂ ಟಾನಿಕ್ ಪೋಸ್ಟರ್ ಇರಲಿಲ್ಲ. ಡಾಕ್ಟ್ರು ನನ್ನ ಗಂಟಲು ನೋಡಿ, "ಬಿಸಿನೀರು ಕುಡೀರಿ, ಆವಿ ತಗೊಳ್ಳಿ, ಜ್ವರ ಬಂದ್ರೆ ಮಾತ್ರ ಇದು" ಅಂತ ಪ್ಯಾರಾಸಿಟಮಾಲ್ ಬರೆದು ಕಳಿಸಿದರು. ಆಂಟಿಬಯಾಟಿಕ್ ಇಲ್ಲ. ಎದ್ದು ಬರುವಾಗ ಮನಸ್ಸು ಹಗುರವಾಗಿತ್ತು.

ಮುಂದಿನ ಸೋಮವಾರ ಅಮ್ಮ, ಫೈಲು, ಒಂದು ಚೀಲ ಮಾತ್ರೆ ಮೂರೂ ಹೊರಟವು. ಚೀಟಿಯಲ್ಲ, ಮಾತ್ರೆಗಳನ್ನೇ ತೆಗೆದುಕೊಂಡು ಹೋಗಿ. ಚೀಟಿಯಲ್ಲಿ ಇರುವುದು ಒಂದು, ನಾವು ನುಂಗುವುದು ಇನ್ನೊಂದು ಆಗಿರುತ್ತದೆ. ಡಾಕ್ಟ್ರು ಎಲ್ಲಾ ಸ್ಟ್ರಿಪ್ಪುಗಳನ್ನು ಮೇಜಿನ ಮೇಲೆ ಇಸ್ಪೀಟ್ ಎಲೆ ಹಾಗೆ ಹರಡಿದರು. ಆಮೇಲೆ ಅಮ್ಮನ ಬಿಪಿ ನೋಡಿದರು. ನೋಡಿ, "ಅಮ್ಮಾ, ಈಗ ಎದ್ದು ನಿಂತ್ಕೊಳ್ಳಿ" ಅಂದರು. ಎರಡು ನಿಮಿಷ ನಿಲ್ಲಿಸಿ ಮತ್ತೆ ನೋಡಿದರು. ಬಿಪಿ ಸರ್ರನೆ ಇಳಿದಿತ್ತು, ತಲೆಸುತ್ತು ಅದಕ್ಕೇ. ಎಂಟು ತಿಂಗಳಲ್ಲಿ ನಿಲ್ಲಿಸಿ ಬಿಪಿ ನೋಡಿದ್ದು ಇವರೊಬ್ಬರೇ.

ಪಾದದ ಮೇಲೆ ಹೆಬ್ಬೆರಳು ಒತ್ತಿ, ಮೇಜಿನಿಂದ ಒಂದು ಸ್ಟ್ರಿಪ್ ಎತ್ತಿದರು. ಆಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ, 10 ಮಿಲಿಗ್ರಾಂ. "ಊತ ಇದರದ್ದೇ ಇರಬೇಕು. ಡೋಸ್ ಜಾಸ್ತಿ ಆದಷ್ಟೂ ಕಾಲು ಊದೋದು ಜಾಸ್ತಿ. ಇದು ಮೈಯಲ್ಲಿ ನೀರು ನಿಂತು ಬರೋ ಊತ ಅಲ್ಲ, ನೀರಿನ ಮಾತ್ರೆ ಕೊಟ್ರೆ ಹೋಗಲ್ಲ." ನೀರಿನ ಮಾತ್ರೆಯಿಂದ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದಿರಬಹುದು ಅಂತ ಅದೊಂದನ್ನು ಮಾತ್ರ ಪರೀಕ್ಷೆ ಮಾಡಿಸಿದರು. 135ರ ಮೇಲೆ ಇರಬೇಕಾದದ್ದು 129 ಇತ್ತು. ನೀರಿನ ಮಾತ್ರೆ ನಿಲ್ಲಿಸಿದರು, ತಲೆಸುತ್ತಿನದ್ದನ್ನೂ ನಿಲ್ಲಿಸಿದರು, ಬಿಪಿ ಮಾತ್ರೆ ಬದಲಾಯಿಸಿದರು. ಮೂರು ವಾರಕ್ಕೆ ಅಮ್ಮನ ಕಾಲಿಗೆ ಹಳೇ ಚಪ್ಪಲಿ ಹಿಡಿಸಿತು. ಒಂಬತ್ತು ಮಾತ್ರೆ ಏಳಾದವು. (ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಚೀಲ ಹಿಡಿದುಕೊಂಡು ಹೋಗಿ ಕೇಳಿ, ಸಾಕು.)

ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ಒಂದು ಇಂಜೆಕ್ಷನ್ನೂ ಕೊಡ್ಲಿಲ್ಲ, ಇವರೆಂಥ ಡಾಕ್ಟ್ರೇ?" ಅಂದಳು ಮೊದಲ ದಿನ. ಕಾಲು ಇಳಿದ ಮೇಲೆ "ಪರವಾಗಿಲ್ಲ, ಕೈಗುಣ ಇದೆ" ಅಂದಳು. ನಾನು ನೋಂದಣಿ ಸಂಖ್ಯೆ ಹುಡುಕಿದ್ದೆಲ್ಲ ಅವಳಿಗೆ ಲೆಕ್ಕಕ್ಕೇ ಇಲ್ಲ.

ಕೆಲವು ವಿಷಯ ನೇರವಾಗಿಯೇ ಕೇಳಿಕೊಂಡೆ. ರಾತ್ರಿ ಎದೆನೋವು ಬಂದರೆ? "ನನಗೆ ಫೋನ್ ಮಾಡಿ ಕಾಯ್ಬೇಡಿ, 108ಕ್ಕೆ ಮಾಡಿ" ಅಂದರು. ಊರಲ್ಲಿಲ್ಲದಿದ್ದರೆ? ಒಬ್ಬರ ಹೆಸರು ಬರೆದುಕೊಟ್ಟರು. ಯಾವ ತೊಂದರೆಗೆ ಯಾರ ಹತ್ತಿರ ಕಳಿಸುತ್ತೀರಿ ಅಂದಾಗ ಒಂದು ಆಸ್ಪತ್ರೆಯ ಹೆಸರು ಹೇಳಲಿಲ್ಲ, ಆಯಾ ಡಾಕ್ಟರ ಹೆಸರು ಹೇಳಿದರು. ಅದು ನನಗೆ ಇಷ್ಟವಾಯಿತು.

ಒಂದೇ ಚಿಂತೆ. ಅನುಭವ ಇರುವ ಡಾಕ್ಟ್ರು ಅಂದರೆ ಅವರಿಗೂ ವಯಸ್ಸಾಗಿರುತ್ತದೆ. ನಮ್ಮವರಿಗೆ ಎಪ್ಪತ್ತು ಹತ್ತಿರ ಬಂತು. ಈಗ ಮಂಗಳವಾರ, ಶುಕ್ರವಾರ ಸಂಜೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಪಕ್ಕದಲ್ಲಿ ಕೂರುತ್ತಾರೆ. ನಾನು ಬೇಕಂತಲೇ ಅಮ್ಮನನ್ನು ಶುಕ್ರವಾರಕ್ಕೆ ಬದಲಾಯಿಸಿದ್ದೇನೆ. ಹೋದ ವಾರ ಆ ಹುಡುಗಿಯೂ ಅಮ್ಮನನ್ನು ನಿಲ್ಲಿಸಿ ಬಿಪಿ ನೋಡಿದಳು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ಅಮ್ಮ ಗೊಣಗಿದಳು, "ಇವಳೂ ಇಂಜೆಕ್ಷನ್ ಕೊಡಲ್ಲ ಕಣೇ."