ಹೊಳೆ ನೀರಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ: ಎಣಿಸುವುದು ಹೇಗೆ?

ಬೆಂಗಳೂರಿನ ಚರಂಡಿ ನೀರು ಹೊತ್ತ ವೃಷಭಾವತಿ, ಬೈರಮಂಗಲ ಕೆರೆ ದಾಟಿ ಅರ್ಕಾವತಿಯನ್ನು, ಅದರ ಮೂಲಕ ಕಾವೇರಿಯನ್ನು ಸೇರುತ್ತದೆ. ಇಂಥ ನೀರಿನಲ್ಲಿ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಅದರಲ್ಲಿ ಎಷ್ಟು ಪಾಲು ಸೆಫೊಟ್ಯಾಕ್ಸಿಮ್ ಎಂಬ ಪ್ರತಿಜೀವಕ ಔಷಧಕ್ಕೂ ಸಾಯದೆ ಬೆಳೆಯುತ್ತದೆ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ‘ಟ್ರೈಸೈಕಲ್’ ವಿಧಾನದ ಜಾಡಿನಲ್ಲಿ ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗಾಲಯವೂ ಇದನ್ನು ಲೆಕ್ಕ ಹಾಕಬಹುದು.

ಚರಂಡಿ ಸೇರುವ ಜಾಗದ ಮೇಲ್ಭಾಗದಲ್ಲೊಂದು, ಕೆಳಭಾಗದಲ್ಲೊಂದು ಮಾದರಿ ಬೇಕು. ಕ್ರಿಮಿಶುದ್ಧ ಬಾಟಲಿಯ ಬಾಯಿಯನ್ನು ಹರಿವಿಗೆ ಎದುರಾಗಿ ಹಿಡಿದು, ಸುಮಾರು 20 ಸೆಂ.ಮೀ. ಆಳದಿಂದ ತುಂಬಿ. ತಳದ ಕೆಸರು ಕದಡಿದರೆ ಎಣಿಕೆ ಸುಳ್ಳಾಗುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, 6 ಗಂಟೆಯೊಳಗೆ ಕೆಲಸ ಶುರು ಮಾಡಿ.

ಹೆಚ್ಚಿನ ತಪ್ಪುಗಳು ಆಗುವುದು ತಟ್ಟೆ ತಯಾರಿಯಲ್ಲಿ. ಟಿಬಿಎಕ್ಸ್ ಅಗರ್ (ಇ. ಕೋಲಿಯನ್ನು ನೀಲಿ-ಹಸಿರಾಗಿ ಬೆಳೆಸಿ ತೋರಿಸುವ ಮಾಧ್ಯಮ) ಎರಡು ಬಗೆ ಬೇಕು: ಔಷಧವಿಲ್ಲದ್ದು, ಲೀಟರಿಗೆ 4 ಮಿ.ಗ್ರಾಂ ಸೆಫೊಟ್ಯಾಕ್ಸಿಮ್ ಇರುವುದು. ಮಿಲಿಲೀಟರಿಗೆ 4 ಮಿ.ಗ್ರಾಂ ದ್ರಾವಣ ಮಾಡಿ, ಸೋಸಿ, ಒಂದು ಲೀಟರ್ ಅಗರ್‌ಗೆ 1 ಮಿ.ಲೀ. ಬೆರೆಸಿ. ಅಗರ್ ಸುಮಾರು 50 ಡಿಗ್ರಿಗೆ ಇಳಿಯುವವರೆಗೆ ತಡೆಯಿರಿ. ಕುದಿಬಿಸಿಯಲ್ಲಿ ಸುರಿದರೆ ಔಷಧ ಹಾಳಾಗಿ ಎಲ್ಲ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ, ಹೊಳೆಯ ಮೇಲೆ ಇಲ್ಲದ ಆರೋಪ ಬೀಳುತ್ತದೆ. ಅದಕ್ಕೇ ಪ್ರತಿ ಸಲ ಈ ಔಷಧಕ್ಕೆ ಸಾಯುವ ಎಟಿಸಿಸಿ 25922 ಎಂಬ ಪ್ರಮಾಣಿತ ಇ. ಕೋಲಿ ತಳಿಯನ್ನೂ ಔಷಧದ ತಟ್ಟೆಗೆ ಹಾಕಿ. ಅದು ಬೆಳೆದರೆ ಆ ಕಂತಿನ ತಟ್ಟೆಗಳನ್ನೆಲ್ಲ ಬಿಸಾಡಬೇಕು, ರಿಯಾಯಿತಿ ಬೇಡ. ಔಷಧಕ್ಕೆ ಬಗ್ಗದ್ದೆಂದು ಖಚಿತವಾದ ಇನ್ನೊಂದು ತಳಿ ಬೆಳೆಯಲೇಬೇಕು.

ನೀರನ್ನು ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತಾ ಹೋಗಿ, ಪ್ರತಿ ಹಂತದ್ದನ್ನೂ 0.45 ಮೈಕ್ರಾನ್ ಪೊರೆಯಲ್ಲಿ ಸೋಸಿ. ಗಾಳಿಗುಳ್ಳೆ ಉಳಿಯದಂತೆ ಪೊರೆಯನ್ನು ಅಗರ್ ಮೇಲೆ ಹಾಸಿ, 35ರಿಂದ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡಿ. ಅದಕ್ಕೂ ಹೆಚ್ಚು ಬಿಟ್ಟರೆ, ಬಗ್ಗದ ಕಾಲೊನಿಗಳು (ಬ್ಯಾಕ್ಟೀರಿಯಾ ಬೆಳೆದು ಕಾಣುವ ಚುಕ್ಕೆಗಳು) ಸುತ್ತಲಿನ ಔಷಧವನ್ನು ಒಡೆದುಹಾಕಿ, ಅವುಗಳ ನೆರಳಲ್ಲಿ ದುರ್ಬಲ ತಳಿಗಳೂ ಚಿಗುರುತ್ತವೆ. ನೀಲಿ-ಹಸಿರು ಕಾಲೊನಿಗಳನ್ನು ಮಾತ್ರ ಎಣಿಸಿ. 20ರಿಂದ 80ರವರೆಗೆ ಇರುವ ತಟ್ಟೆ ನಂಬಲರ್ಹ.

ಉದಾಹರಣೆಗೆ, ಸಾದಾ ತಟ್ಟೆಯಲ್ಲಿ 0.01 ಮಿ.ಲೀ. ನೀರಿಗೆ 60 ಎಂದರೆ ಮಿಲಿಲೀಟರಿಗೆ 6,000. ಔಷಧದ ತಟ್ಟೆಯಲ್ಲಿ 0.1 ಮಿ.ಲೀ.ಗೆ 30 ಎಂದರೆ 300. ಪಾಲು ಶೇ 5. ಮಳೆನೀರು ಬೆರೆತು ಹೊಳೆ ತೆಳುವಾದಾಗ ಎರಡೂ ಎಣಿಕೆ ಒಟ್ಟಿಗೆ ಇಳಿಯುತ್ತವೆ. ಹಾಗಾಗಿ ಬರೀ 300 ಎಂದು ವರದಿ ಬರೆಯಬೇಡಿ, ಪಾಲನ್ನೂ ಬರೆಯಿರಿ.

ಔಷಧದ ತಟ್ಟೆಯ ಕೆಲವು ಕಾಲೊನಿಗಳನ್ನು ಮುಲ್ಲರ್-ಹಿಂಟನ್ ಅಗರ್ ಮೇಲೆ ಸವರಿ, ಸೆಫೊಟ್ಯಾಕ್ಸಿಮ್ ಬಿಲ್ಲೆ ಒಂದು, ಸೆಫೊಟ್ಯಾಕ್ಸಿಮ್ ಜೊತೆಗೆ ಕ್ಲಾವುಲನೇಟ್ (ಔಷಧ ಒಡೆಯುವ ಕಿಣ್ವವನ್ನು ತಡೆಯುವ ವಸ್ತು) ಬೆರೆತ ಬಿಲ್ಲೆ ಒಂದು ಇಡಿ. ಎರಡನೆಯದರ ಸುತ್ತಲಿನ ಖಾಲಿ ವೃತ್ತದ ವ್ಯಾಸ ಮೊದಲನೆಯದಕ್ಕಿಂತ 5 ಮಿ.ಮೀ. ಅಥವಾ ಅದಕ್ಕೂ ಹೆಚ್ಚು ದೊಡ್ಡದಾದರೆ, ಔಷಧ ಒಡೆಯುವ ಇಎಸ್‌ಬಿಎಲ್ ಕಿಣ್ವ ಇದೆ ಎಂದರ್ಥ.

ಬಳಸಿದ ತಟ್ಟೆಗಳನ್ನು ತೊಳೆಯುವ ತೊಟ್ಟಿಗೆ ಒಯ್ಯುವ ಮುನ್ನ ಆಟೋಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ 30 ನಿಮಿಷ ಇಡಿ.